ಒಂದೇ ಕೊರಳು, ಎರಡು ದನಿ: ‘ಟರ್ನ್ ಲೂಸ್ ದ ಸ್ವಾನ್ಸ್’ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ ಮತ್ತು ಗದಗಿನ ಕೆಲವು ಗೆಳೆಯರು ಆಗಾಗ ಧಾರವಾಡದಲ್ಲಿ ಸೇರಿ, ಒಂದು ಆಲ್ಬಮನ್ನು ಮೊದಲಿನಿಂದ ಕೊನೆಯವರೆಗೆ ಮಾತಿಲ್ಲದೆ ಕೇಳುವ ರೂಢಿಯನ್ನು ಇಟ್ಟುಕೊಂಡಿದ್ದೇವೆ. ಬ್ರಿಟನ್ನಿನ ಡೂಮ್ ಮೆಟಲ್ ತಂಡವಾದ ಮೈ ಡೈಯಿಂಗ್ ಬ್ರೈಡ್‌ನ ‘ಟರ್ನ್ ಲೂಸ್ ದ ಸ್ವಾನ್ಸ್’ ಆಲ್ಬಮನ್ನು ಕೇಳಿಸಿದಾಗಲೆಲ್ಲ ಹೊಸಬರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಉತ್ತರಗಳೊಂದಿಗೆ ಕೊಟ್ಟಿದೆ. ಕೇಳುವ ಮೊದಲು ಓದಿಕೊಂಡರೆ ಅನುಕೂಲ. ಕೇಳಿದ ಮೇಲೆ ಓದಿದರೂ ನಷ್ಟವಿಲ್ಲ.

ಡೂಮ್ ಮೆಟಲ್ ಎಂದರೆ ಯಾವ ಬಗೆಯ ಸಂಗೀತ?

ಹೆವಿ ಮೆಟಲ್ ಸಂಗೀತದ ಶಾಖೆಗಳಲ್ಲಿ ಅತ್ಯಂತ ನಿಧಾನವಾದದ್ದು ಮತ್ತು ಅತ್ಯಂತ ಭಾರವಾದದ್ದು ಇದು. ಗಿಟಾರಿನ ಶ್ರುತಿಯನ್ನು ಇಳಿಸಿಕೊಂಡು, ಒಂದೊಂದು ರಿಫ್ಫನ್ನು (ಗಿಟಾರಿನ ಚಿಕ್ಕ ಸ್ವರಪುಂಜವನ್ನು) ಅವಸರವಿಲ್ಲದೆ ಮರಳಿ ಮರಳಿ ನುಡಿಸುತ್ತಾರೆ. ಸಾವು, ಅಗಲಿಕೆ, ನಂಬಿಕೆಯ ಕುಸಿತ ಇವೇ ಹೆಚ್ಚಾಗಿ ಹಾಡಿನ ವಸ್ತುಗಳು. ಇದರ ಬೇರು 1970ರಲ್ಲಿ ಬಂದ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ಮಿನಲ್ಲಿದೆ. ಬರ್ಮಿಂಗ್‌ಹ್ಯಾಮಿನ ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಹದಿಹರೆಯದಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡರು. ಎಡಗೈ ವಾದಕರಾದ್ದರಿಂದ ತಂತಿಯನ್ನು ಒತ್ತಬೇಕಾದ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ತೊಡಿಸುವ ಟೋಪಿಗಳನ್ನು ತಾವೇ ಮಾಡಿಕೊಂಡರು, ಮೆತ್ತಗಿನ ತಂತಿಗಳನ್ನು ಹಾಕಿದರು, 1971ರ ಹೊತ್ತಿಗೆ ಶ್ರುತಿಯನ್ನು ಮೂರು ಅರ್ಧಸ್ವರಗಳಷ್ಟು ಕೆಳಗಿಳಿಸಿದರು. ಇಂದು ಡೂಮ್ ಎಂದೊಡನೆ ನೆನಪಾಗುವ ಆ ಸಡಿಲ, ಭಾರದ ನಾದಕ್ಕೆ ಒಬ್ಬ ಕಾರ್ಮಿಕನ ಕೈಗಾದ ಗಾಯವೂ ಒಂದು ಕಾರಣ ಎಂಬುದನ್ನು ನಾವು ಪ್ರತಿ ಸಲವೂ ಹೊಸಬರಿಗೆ ಹೇಳುತ್ತೇವೆ.

ಈ ಆಲ್ಬಮ್ ಯಾವಾಗಿನದು, ನುಡಿಸಿದವರು ಯಾರು?

ಮೈ ಡೈಯಿಂಗ್ ಬ್ರೈಡ್ 1990ರಲ್ಲಿ ಉತ್ತರ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಕಟ್ಟಿದ ತಂಡ. ಬ್ರಾಡ್‌ಫರ್ಡ್ ಒಂದು ಕಾಲದಲ್ಲಿ ಉಣ್ಣೆಯ ಗಿರಣಿಗಳಿಗೆ ಹೆಸರಾಗಿದ್ದ ಊರು. ಈ ಆಲ್ಬಮ್ ಅವರ ಎರಡನೆಯದು. 1993ರಲ್ಲಿ ಪೀಸ್‌ವಿಲ್ ಎಂಬ ಸಂಸ್ಥೆಯಿಂದ ಬಂತು. ಏರನ್ ಸ್ಟೇನ್‌ಥಾರ್ಪ್ ಹಾಡಿದ್ದಾರೆ, ಆಂಡ್ರ್ಯೂ ಕ್ರೇಗನ್ ಮತ್ತು ಕ್ಯಾಲ್ವಿನ್ ರಾಬರ್ಟ್‌ಷಾ ಗಿಟಾರ್ ನುಡಿಸಿದ್ದಾರೆ, ಪಿಟೀಲು ಮತ್ತು ಕೀಬೋರ್ಡ್ ಮಾರ್ಟಿನ್ ಪವೆಲ್ ಅವರದು. ಏಳು ಹಾಡುಗಳಿವೆ, ಒಟ್ಟು ಅವಧಿ ಒಂದು ಗಂಟೆಗೆ ಸ್ವಲ್ಪ ಕಡಿಮೆ. ಅದೇ ಸಂಸ್ಥೆಯ ಪ್ಯಾರಡೈಸ್ ಲಾಸ್ಟ್ ಮತ್ತು ಅನಾಥೆಮಾ ತಂಡಗಳನ್ನೂ ಇವರೊಂದಿಗೆ ಸೇರಿಸಿ ‘ಪೀಸ್‌ವಿಲ್ ತ್ರಯರು’ ಎಂದು ಕರೆಯುತ್ತಾರೆ. ಮೆಟಲ್ಲಿನ ಇನ್ನೊಂದು ಶಾಖೆಯಾದ ಡೆತ್ ಮೆಟಲ್ಲಿನ ಒರಟು ಕಂಠವನ್ನು (ಇದನ್ನೇ ಗ್ರೌಲ್ ಎನ್ನುತ್ತಾರೆ) ಡೂಮ್‌ನ ನಿಧಾನ ನಡೆಗೆ ಕೂಡಿಸಿದ ಶ್ರೇಯಸ್ಸಿನಲ್ಲಿ ಈ ಮೂವರದೂ ದೊಡ್ಡ ಪಾಲು.

ಮೊದಲ ಹಾಡಿನಲ್ಲಿ ಡ್ರಮ್ಸೂ ಇಲ್ಲ, ಗಿಟಾರೂ ಇಲ್ಲ. ಇದು ಮೆಟಲ್ ಆಲ್ಬಮ್ ಹೌದೇ?

ಹೌದು. ಮೊದಲ ಹಾಡು ಮತ್ತು ಕೊನೆಯ ಹಾಡು ಎರಡನ್ನೂ ತಂಡ ಹಾಗೆಯೇ ಇಟ್ಟಿದೆ: ಕೀಬೋರ್ಡ್, ಪಿಟೀಲು, ಮನುಷ್ಯನ ದನಿ ಇಷ್ಟೇ. ಮೊದಲನೆಯ ಹಾಡಿನ ಮೂಲರೂಪ 1992ರ ಅವರ ಮೊದಲ ಆಲ್ಬಮ್ಮಿನಲ್ಲಿದ್ದು, ಅಲ್ಲಿ ಅದು ಪೂರ್ಣ ಭಾರದ, ಗ್ರೌಲ್ ತುಂಬಿದ ಹಾಡು. ಒಂದು ವರ್ಷದ ಬಳಿಕ ಅದನ್ನೇ ಬತ್ತಲೆಯಾಗಿಸಿ ಆಲ್ಬಮ್ಮಿನ ಬಾಗಿಲಲ್ಲಿ ನಿಲ್ಲಿಸಿದ್ದು ಬಹಳ ಧೈರ್ಯದ ನಿರ್ಧಾರವೆಂದು ನನ್ನ ಅಭಿಪ್ರಾಯ. ಎರಡೂ ರೂಪಗಳನ್ನು ಒಂದರ ಹಿಂದೊಂದು ಕೇಳಿದರೆ ತಂಡ ಯಾವ ಕಡೆ ಹೊರಟಿತ್ತು ಎಂಬುದು ಯಾರಿಗಾದರೂ ತಿಳಿಯುತ್ತದೆ.

ಒರಟು ದನಿಯಲ್ಲಿ ಹಾಡುವವನು ಒಬ್ಬ, ತಿಳಿಯಾಗಿ ಹಾಡುವವನು ಇನ್ನೊಬ್ಬ, ಅಲ್ಲವೇ?

ಅಲ್ಲ. ಹೆಚ್ಚಿನ ಹೊಸಬರು ಹಾಗೆಯೇ ಭಾವಿಸುತ್ತಾರೆ, ಆದರೆ ಎರಡೂ ಏರನ್ ಸ್ಟೇನ್‌ಥಾರ್ಪ್ ಅವರ ದನಿಗಳೇ. ಕೊನೆಯ ಹಾಡಿನಲ್ಲಿ ಮಾತ್ರ ಒಂದು ಹೆಣ್ಣಿನ ದನಿ ಜೊತೆಗೂಡುತ್ತದೆ. ಈ ಸಂಗತಿ ಗೊತ್ತಾದ ಮೇಲೆ ಆಲ್ಬಮನ್ನು ಇನ್ನೊಮ್ಮೆ ಕೇಳಿ ಎಂದು ನಾವು ಕೇಳಿಕೊಳ್ಳುತ್ತೇವೆ. ಇಬ್ಬರು ಹಾಡಿದ್ದರೆ ಅದು ಸಂವಾದವಾಗುತ್ತಿತ್ತು. ನಾರ್ವೆಯ ಥಿಯೇಟರ್ ಆಫ್ ಟ್ರ್ಯಾಜಿಡಿ, ಸ್ವೀಡನ್ನಿನ ಡ್ರಕೋನಿಯನ್ ಮುಂತಾದ ತಂಡಗಳು ಗಂಡಿನ ಗ್ರೌಲ್ ಮತ್ತು ಹೆಣ್ಣಿನ ತಿಳಿ ಕಂಠವನ್ನು ಎದುರುಬದುರು ನಿಲ್ಲಿಸಿ ಅಂಥ ಸಂವಾದವನ್ನು ಚೆನ್ನಾಗಿಯೇ ಕಟ್ಟಿವೆ. ಇಲ್ಲಿ ಮಾತ್ರ ಒಬ್ಬನೇ ಮನುಷ್ಯ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುವಷ್ಟರಲ್ಲಿ ಬದಲಾಗುತ್ತಾನೆ.

ಎರಡು ದನಿಗಳ ಅಗತ್ಯವೇನು? ಇಂಪಾಗಿ ಹಾಡಬಲ್ಲವರು ಅರಚುವುದೇಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ದೀರ್ಘ ಉತ್ತರ ಬೇಡುವ ಪ್ರಶ್ನೆಯೂ ಇದೇ.

ನಮ್ಮ ಕಡೆಯ ಹಳ್ಳಿಗಳಲ್ಲಿ ಸಾವಾದ ಮನೆಯ ಮುಂದೆ ನಿಂತವರಿಗೆ ಹೆಣ್ಣುಮಕ್ಕಳು ಹಾಡ್ಯಾಡಿ ಅಳುವುದು ಗೊತ್ತು. ಹೆಣದ ತಲೆಯ ಬಳಿ ಕುಳಿತ ಹಿರಿಯ ಹೆಂಗಸು ಸತ್ತವರ ಒಂದೊಂದೇ ಗುಣವನ್ನು, ಉಂಡದ್ದು ಉಟ್ಟದ್ದನ್ನು, ಮದುವೆ ಮಾಡಿಕೊಟ್ಟ ದಿನವನ್ನು ರಾಗವಾಗಿ ಹೇಳುತ್ತಾ ಹೋಗುತ್ತಾಳೆ. ಮಾತು ಸ್ಪಷ್ಟವಾಗಿರುತ್ತದೆ, ರಾಗವೂ ಇರುತ್ತದೆ. ಹೇಳುತ್ತಾ ಹೇಳುತ್ತಾ ಒಂದು ಹೆಸರು ಬಾಯಿಗೆ ಬಂದ ಕೂಡಲೇ ಕೊರಳು ಒಡೆಯುತ್ತದೆ. ಆಮೇಲೆ ಬರುವುದು ಮಾತೂ ಅಲ್ಲ, ರಾಗವೂ ಅಲ್ಲ. ಸ್ವಲ್ಪ ಹೊತ್ತಿನಲ್ಲಿ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು ಬಿಟ್ಟ ಸಾಲಿನಿಂದ ಮುಂದುವರಿಸುತ್ತಾಳೆ. ಮೊಹರಮ್ಮಿನ ದಿನಗಳಲ್ಲಿ ಧಾರವಾಡ, ಗದಗ, ಹಾವೇರಿ ಸೀಮೆಯ ಊರುಗಳಲ್ಲಿ ಹಿಂದೂ ಮುಸ್ಲಿಮರೆನ್ನದೆ ಕೂಡಿ ಹಾಡುವ ರಿವಾಯತ್ ಪದಗಳಲ್ಲಿಯೂ ಕರ್ಬಲಾದ ದುಃಖವನ್ನು ಊರಿನ ದುಃಖವಾಗಿಸಿಕೊಂಡು ಹಾಡುವುದನ್ನು ನೋಡುತ್ತೇವೆ. ಅಳುವನ್ನು ಹಾಡಿನೊಳಗೆ ತರುವುದು ನಮಗೆ ಹೊಸತೇನಲ್ಲ.

ಈ ಆಲ್ಬಮ್ ಕೆಲಸ ಮಾಡುವುದು ಅದೇ ಜಾಗದಲ್ಲಿ ಎಂದು ನಾನು ನಂಬಿದ್ದೇನೆ. ಎರಡನೆಯ ಹಾಡು ‘ಯುವರ್ ರಿವರ್’ ತೆಗೆದುಕೊಳ್ಳಿ. ಮೊದಲು ಬಹಳ ಹೊತ್ತು ವಾದ್ಯಗಳು ಮಾತ್ರ ಇರುತ್ತವೆ. ಬಳಿಕ ತಿಳಿ ದನಿ ಬರುತ್ತದೆ, ಅದು ತರಬೇತಾದ ಗಾಯಕನ ದನಿಯಂತಿರದೆ ತುಸು ನಡುಗುತ್ತಾ, ಅರ್ಧ ಹಾಡು ಅರ್ಧ ಮಾತಾಗಿ ಸಾಗುತ್ತದೆ. ಹಾಡು ಮುಂದುವರಿದು ಗಿಟಾರುಗಳು ಒತ್ತಿ ಬಂದಾಗ ಗ್ರೌಲ್ ಏಳುತ್ತದೆ. ತಿಳಿ ದನಿಯಲ್ಲಿ ಹೇಳುವವನಿಗೆ ತನ್ನ ದುಃಖದ ಮೇಲೆ ಇನ್ನೂ ಹಿಡಿತವಿದೆ, ಗ್ರೌಲ್ ಮಾಡುವವನಿಗೆ ಅದು ತಪ್ಪಿದೆ. ಗ್ರೌಲ್ ಬಂದಾಗ ನಮಗೆ ಆಘಾತವಾಗಬೇಕಾದರೆ ತಿಳಿ ದನಿಯನ್ನು ನಾವು ಮೊದಲು ನಂಬಿರಬೇಕು. ತಿಳಿ ದನಿ ಮರಳಿ ಬಂದಾಗ ಎದೆ ಹಗುರಾಗಬೇಕಾದರೆ ಗ್ರೌಲ್‌ನ ಭಾರವನ್ನು ಹೊತ್ತಿರಬೇಕು. ಒಂದನ್ನು ತೆಗೆದುಹಾಕಿದರೆ ಇನ್ನೊಂದರ ಬೆಲೆ ಅರ್ಧಕ್ಕಿಳಿಯುತ್ತದೆ. ಇದನ್ನು ಪರೀಕ್ಷಿಸುವ ದಾರಿಯನ್ನು ತಂಡವೇ ಒದಗಿಸಿದೆ. 1995ರ ಅವರ ಮುಂದಿನ ಆಲ್ಬಮ್ಮಿನಲ್ಲಿ ಗ್ರೌಲ್ ಇಲ್ಲವೇ ಇಲ್ಲ; ಅದು ತನ್ನಷ್ಟಕ್ಕೆ ಸುಂದರವಾದ ಕೃತಿ, ಹಲವರಿಗೆ ಅದೇ ಹೆಚ್ಚು ಇಷ್ಟ. ಆದರೂ ಅಲ್ಲಿ ದುಃಖ ಒಂದೇ ಮಟ್ಟದಲ್ಲಿ ಹರಿಯುತ್ತದೆಯೇ ಹೊರತು ಒಡೆಯುವುದಿಲ್ಲ. 1999ರಲ್ಲಿ ಅವರು ಗ್ರೌಲ್‌ಗೆ ಮರಳಿದರು.

ಇಂಪಿನ ಮಾತು ಬಂದಾಗ ಹುಬ್ಬಳ್ಳಿಯ ಕೇಳುಗರಿಗೆ ಇನ್ನೊಂದನ್ನು ನೆನಪಿಸಬೇಕು. ಗಂಗೂಬಾಯಿ ಹಾನಗಲ್ ಅವರ ಕಂಠ ಗಂಟಲಿನ ಚಿಕಿತ್ಸೆಯೊಂದರ ನಂತರ ಗಡಸಾಗಿ, ಗಂಡುದನಿಯಷ್ಟು ತಗ್ಗಿಗೆ ಇಳಿಯಿತು. ಹೆಣ್ಣಿನ ದನಿ ಹೀಗಿರಬೇಕೆಂಬ ನಿರೀಕ್ಷೆಯನ್ನು ಬದಿಗಿಟ್ಟು ಆ ದನಿಯ ಗಾಂಭೀರ್ಯಕ್ಕೆ ತಲೆದೂಗಿದ ಊರು ಇದು. ಗ್ರೌಲ್ ಬೇರೆಯೇ ಬಗೆಯದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಇಂಪೊಂದೇ ಸಂಗೀತದ ಅಳತೆಯಲ್ಲ ಎಂಬುದನ್ನು ಮಾತ್ರ ನಮ್ಮ ಹಿರಿಯರು ಆಗಲೇ ಒಪ್ಪಿಕೊಂಡಿದ್ದಾರೆ.

ಗ್ರೌಲ್ ಮಾಡಿದರೆ ಗಂಟಲು ಹಾಳಾಗುವುದಿಲ್ಲವೇ?

ತಪ್ಪಾಗಿ ಮಾಡಿದರೆ ಖಂಡಿತ ಹಾಳಾಗುತ್ತದೆ. ನಮ್ಮ ಧ್ವನಿಪೆಟ್ಟಿಗೆಯಲ್ಲಿ ಮಾತಿಗೆ ಮತ್ತು ಹಾಡಿಗೆ ಕಂಪಿಸುವ ಸ್ವರತಂತುಗಳ ಮೇಲ್ಭಾಗದಲ್ಲಿ ಇನ್ನೊಂದು ಜೊತೆ ಮಡಿಕೆಗಳಿವೆ. ಅವುಗಳನ್ನು ಹುಸಿ ಸ್ವರತಂತುಗಳೆನ್ನುತ್ತಾರೆ. ತಗ್ಗಿನ ಗ್ರೌಲ್‌ನಲ್ಲಿ ಈ ಮೇಲಿನ ಮಡಿಕೆಗಳನ್ನು ಹತ್ತಿರ ತಂದು, ಹೊಟ್ಟೆಯಿಂದ ಹದವಾಗಿ ಉಸಿರು ಬಿಟ್ಟು ಅವು ಕಂಪಿಸುವಂತೆ ಮಾಡುತ್ತಾರೆ. ಮಂಗೋಲಿಯಾ ಮತ್ತು ತುವಾ ಸೀಮೆಯ ಕಂಠಗಾಯನದ ಒಂದು ಬಗೆಯಲ್ಲಿಯೂ ಇವೇ ಮಡಿಕೆಗಳು ಕೆಲಸ ಮಾಡುತ್ತವೆ. ಗದ್ದಲವೆಲ್ಲ ಮೈಕಿನ ಕೆಲಸ. ಹತ್ತಿರ ನಿಂತು ಕೇಳಿದರೆ ಚೆನ್ನಾಗಿ ಕಲಿತವರ ಗ್ರೌಲ್ ಜೋರು ಮಾತಿಗಿಂತ ಬಹಳ ದೊಡ್ಡದಾಗಿರುವುದಿಲ್ಲ. ಮನೆಯಲ್ಲಿ ಪ್ರಯತ್ನಿಸುವ ಹುಡುಗರು ಬಹುಮಟ್ಟಿಗೆ ಗಂಟಲು ಬಿಗಿದು ಕಿರುಚುತ್ತಾರೆ, ಮರುದಿನ ದನಿ ಕೂರುತ್ತದೆ. ನೋವು ಅಥವಾ ತುರಿಕೆ ಕಂಡ ಕೂಡಲೇ ನಿಲ್ಲಿಸಬೇಕು, ನೀರು ಕುಡಿಯಬೇಕು, ಆ ದಿನ ಪುನಃ ಶುರು ಮಾಡಬಾರದು. ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಲೇಬೇಕು.

ಒಬ್ಬನೇ ಎರಡನ್ನೂ ಹಾಡುವಾಗ ಕಷ್ಟ ಇನ್ನೂ ಹೆಚ್ಚು. ಗ್ರೌಲ್ ಮುಗಿದ ತಕ್ಷಣ ತಿಳಿ ದನಿಗೆ ಬರಲು ಗಂಟಲನ್ನು ಒಂದೇ ಉಸಿರಿನಲ್ಲಿ ಸಡಿಲಿಸಬೇಕಾಗುತ್ತದೆ. ಸ್ವೀಡನ್ನಿನ ಕಟಾಟೋನಿಯಾ ತಂಡದ ಯೋನಸ್ ರೆಂಕ್ಸೆ ಅವರಿಗೆ ಗ್ರೌಲ್ ಮಾಡುವುದು ಅಸಾಧ್ಯವಾದಾಗ 1996ರ ಆಲ್ಬಮ್ಮಿನಲ್ಲಿ ಆ ಭಾಗಗಳನ್ನು ಗೆಳೆಯ ಮಿಕಾಯೆಲ್ ಓಕರ್‌ಫೆಲ್ಟ್ ಹಾಡಿಕೊಟ್ಟರು.

ಇಷ್ಟು ನಿಧಾನ ಏಕೆ? ನಿದ್ದೆ ಬರುವುದಿಲ್ಲವೇ?

ಧಾರವಾಡದವರು ಈ ಪ್ರಶ್ನೆ ಕೇಳಿದಾಗ ನನಗೆ ಆಶ್ಚರ್ಯವಾಗುತ್ತದೆ. ವಿಲಂಬಿತ ಏಕತಾಲದ ಬಡಾ ಖ್ಯಾಲಿನಲ್ಲಿ ಹನ್ನೆರಡು ಮಾತ್ರೆಗಳ ಒಂದು ಆವರ್ತನ ಸುಮಾರು ಒಂದು ನಿಮಿಷ ಹಿಡಿಯುವುದುಂಟು. ಸವಾಯಿ ಗಂಧರ್ವರಿಂದ ಭೀಮಸೇನ ಜೋಶಿಯವರವರೆಗೆ ಕಿರಾನಾ ಘರಾಣೆಯವರು ಒಂದೊಂದೇ ಸ್ವರವನ್ನು ತೆರೆಯುತ್ತಾ ಷಡ್ಜಕ್ಕೆ ಬರುವುದನ್ನು ತಾಳ್ಮೆಯಿಂದ ಕಾದು ಕೇಳಿದ ಸಂಪ್ರದಾಯ ಇಲ್ಲಿಯದು. ಡೂಮ್ ರಾಗಸಂಗೀತವಲ್ಲ, ಅಲ್ಲಿ ಆಲಾಪದ ವಿಸ್ತಾರವಿಲ್ಲ. ಆದರೆ ಒಂದು ಪೆಟ್ಟಿನಿಂದ ಮುಂದಿನ ಪೆಟ್ಟಿನವರೆಗಿನ ಅಂತರವನ್ನು ಖಾಲಿಯೆಂದು ತಿಳಿಯದೆ ಅದರೊಳಗೆ ಇರುವುದನ್ನು ವಿಲಂಬಿತ ಕೇಳಿದ ಕಿವಿಗೆ ಹೊಸದಾಗಿ ಕಲಿಸಬೇಕಿಲ್ಲ. ಗಿಟಾರಿನ ಸ್ವರವೊಂದು ಡಿಸ್ಟಾರ್ಷನ್ (ನಾದವನ್ನು ಬೇಕೆಂದೇ ಒರಟಾಗಿಸುವ ಬಗೆ) ಹೊತ್ತು ನಿಧಾನವಾಗಿ ಕರಗುವಾಗ ಅದರ ಮೇಲುಸ್ವರಗಳು ಒಂದೊಂದಾಗಿ ಕೇಳತೊಡಗುತ್ತವೆ. ವೇಗದ ಮೆಟಲ್ಲಿನಲ್ಲಿ ಇದಕ್ಕೆ ಸಮಯವೇ ಸಿಗುವುದಿಲ್ಲ.

ಪಿಟೀಲು ಎಲ್ಲಿಂದ ಬಂತು?

ಮಾರ್ಟಿನ್ ಪವೆಲ್ ಅವರಿಂದ. ಅಲಂಕಾರಕ್ಕಾಗಿ ಒಂದೆರಡು ಕಡೆ ಸೇರಿಸದೆ, ಹಾಡುಗಳ ರಚನೆಯಲ್ಲಿಯೇ ಅದಕ್ಕೆ ಪೂರ್ಣ ಪಾತ್ರ ಕೊಟ್ಟಿರುವುದು ಆ ಕಾಲಕ್ಕೆ ಅಪರೂಪ. ತಿಳಿ ದನಿಗೂ ಗ್ರೌಲ್‌ಗೂ ನಡುವಿನ ಮೂರನೆಯ ಕೊರಳಾಗಿ ನಾನು ಅದನ್ನು ಕೇಳುತ್ತೇನೆ.

ಹಾಡಿನ ಸಾಹಿತ್ಯ ಒಂದು ಅಕ್ಷರವೂ ತಿಳಿಯುವುದಿಲ್ಲ. ಏನು ಮಾಡಬೇಕು?

ಮೊದಲ ಸಲ ತಿಳಿಯದಿದ್ದರೆ ಪರವಾಗಿಲ್ಲ. ಎರಡನೆಯ ಸಲ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಕೇಳಿ. ಬೈಬಲ್ಲಿನ ಛಾಯೆಯಿರುವ ಹಳೆಯ ಶೈಲಿಯ ಇಂಗ್ಲಿಷ್ ಅದು. ಪ್ರೇಮ, ಸಾವು ಮತ್ತು ದೇವರೊಂದಿಗಿನ ಜಗಳ ಒಂದರೊಳಗೊಂದು ಬೆರೆತಿವೆ. ಯಾವ ಸಾಲನ್ನು ತಿಳಿ ದನಿಗೆ ಕೊಟ್ಟಿದ್ದಾರೆ, ಯಾವುದನ್ನು ಗ್ರೌಲ್‌ಗೆ ಕೊಟ್ಟಿದ್ದಾರೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರೆ ಆಯ್ಕೆಯ ಹಿಂದಿನ ಯೋಚನೆ ತಾನಾಗಿ ಕಾಣಿಸುತ್ತದೆ.

ಇಂಥ ಸಂಗೀತ ಕೇಳಿದರೆ ಮಕ್ಕಳು ಖಿನ್ನತೆಗೆ ಬೀಳುತ್ತಾರೆಂಬುದು ನಿಜವೇ?

ತಂದೆ ತಾಯಂದಿರು ಕೇಳುವ ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಟಲ್‌ನಂಥ ತೀವ್ರ ಸಂಗೀತವನ್ನು ಇಷ್ಟಪಡುವ 39 ಜನರಿಗೆ ಮೊದಲು ಸಿಟ್ಟು ಬರಿಸುವ ನೆನಪುಗಳನ್ನು ಹೇಳಿಸಿ, ಬಳಿಕ ಅವರಲ್ಲಿ ಸುಮಾರು ಅರ್ಧ ಜನರನ್ನು ಅವರದೇ ಆಯ್ಕೆಯ ಸಂಗೀತ ಕೇಳಲು ಬಿಟ್ಟು, ಉಳಿದವರನ್ನು ಮೌನವಾಗಿ ಕೂರಿಸಿದರು; ಸಂಗೀತ ಕೇಳಿದವರ ಸಿಟ್ಟು ಏರಲಿಲ್ಲ, ಮೌನವಾಗಿ ಕುಳಿತವರದರಂತೆಯೇ ಇಳಿಯಿತು. ಅದು ಸಣ್ಣ ಅಧ್ಯಯನ, ಅದರಿಂದ ದೊಡ್ಡ ತೀರ್ಮಾನ ತೆಗೆಯಬಾರದು. ನಮ್ಮ ಅನುಭವದಲ್ಲಿ ದುಃಖದಲ್ಲಿರುವವರಿಗೆ ‘ಇದನ್ನು ಇನ್ನೊಬ್ಬರೂ ಹೀಗೆ ಹೇಳಿದ್ದಾರೆ’ ಎಂಬುದೇ ಒಂದು ಆಸರೆ. ಆದರೆ ಮಗ ಅಥವಾ ಮಗಳು ಊಟ, ನಿದ್ದೆ, ಗೆಳೆಯರನ್ನು ಬಿಟ್ಟು ಕೋಣೆ ಸೇರಿದ್ದರೆ ಹೆಡ್‌ಫೋನಿನ ಮೇಲೆ ತಪ್ಪು ಹೊರಿಸಿ ಸುಮ್ಮನಿರದೆ, ಅವರೊಂದಿಗೆ ಕುಳಿತು ಮಾತನಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಬಹುದು. ಧಾರವಾಡದಲ್ಲಿಯೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ಹೇಗೆ ಕೇಳಬೇಕು?

ಫೋನಿನ ಸ್ಪೀಕರಿನಲ್ಲಿ ಬೇಡ. ಸಾಮಾನ್ಯ ಶ್ರುತಿಯ ಗಿಟಾರಿನ ಅತಿ ದಪ್ಪ ತಂತಿಯ ಕಂಪನವೇ ಸೆಕೆಂಡಿಗೆ ಸುಮಾರು 82, ಬಾಸ್ ಗಿಟಾರಿನದು ಅದರ ಅರ್ಧ; ಅಷ್ಟು ತಗ್ಗಿನ ನಾದವನ್ನು ಆ ಪುಟ್ಟ ಸ್ಪೀಕರ್ ಹೊರಡಿಸಲಾರದು. ಆಗ ಉಳಿಯುವುದು ಗಿಟಾರಿನ ಸಿಪ್ಪೆ ಮತ್ತು ಗಾಯಕನ ಬುಸುಗುಡುವಿಕೆ ಮಾತ್ರ, ‘ಬರೀ ಗದ್ದಲ’ ಎನ್ನುವವರಲ್ಲಿ ಹೆಚ್ಚಿನವರು ಕೇಳಿರುವುದು ಅದನ್ನೇ. ಸಾಧಾರಣ ಬೆಲೆಯ ಹೆಡ್‌ಫೋನ್ ಸಾಕು. ದನಿಯ ಮಟ್ಟ ಮಿತಿಯಲ್ಲಿರಲಿ: 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗಡಿ. ಹಾಡುಗಳ ಕ್ರಮವನ್ನು ಕದಲಿಸಬೇಡಿ, ಶಫಲ್ ಒತ್ತಬೇಡಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಓಡಾಡುವವರು ಕೆಲವರು ಹೋಗುವಾಗ ಅರ್ಧ, ಬರುವಾಗ ಅರ್ಧ ಕೇಳುತ್ತಾರೆ. ಅದು ಏನೂ ಕೇಳದಿರುವುದಕ್ಕಿಂತ ಮೇಲು. ಹನ್ನೆರಡು ನಿಮಿಷದ ‘ದ ಕ್ರೌನ್ ಆಫ್ ಸಿಂಪಥಿ’ ಹಾಡಿನ ನಡುವೆ ಮಾತ್ರ ದಯವಿಟ್ಟು ನಿಲ್ಲಿಸಬೇಡಿ. ಸಾಧ್ಯವಿದ್ದರೆ ಆಷಾಢದ ಜಿಟಿಜಿಟಿ ಮಳೆ ಹಿಡಿದ ಒಂದು ಸಂಜೆಯನ್ನು ಇದಕ್ಕೆಂದೇ ತೆಗೆದಿಡಿ.

ನಾವು ಕನ್ನಡದಲ್ಲಿ ಇಂಥದ್ದನ್ನು ಮಾಡಬಹುದೇ?

ಮಾಡಬೇಕೆಂಬುದು ನನ್ನ ಆಸೆ. ಬೆಂಗಳೂರಿನಲ್ಲಿ ಡೈಯಿಂಗ್ ಎಂಬ್ರೇಸ್, ಬೆವರ್ ಸೀ, ಜಿನ್ ಆ್ಯಂಡ್ ಮಿಸ್ಕಟಾನಿಕ್ ತಂಡಗಳು ಡೂಮ್ ನುಡಿಸಿ ತೋರಿಸಿವೆ. ಇಲ್ಲಿ ಶುರು ಮಾಡುವವರಿಗೆ ನಾಲ್ಕು ಮಾತು. ಶ್ರುತಿ ಇಳಿಸುವುದಾದರೆ ದಪ್ಪ ತಂತಿಗಳನ್ನು ಹಾಕಿ, ಇಲ್ಲದಿದ್ದರೆ ತಂತಿ ಜೋತುಬಿದ್ದು ಸ್ವರ ಅಲುಗುತ್ತದೆ. ಲಯ ತೋರಿಸುವ ಯಂತ್ರವಾದ ಮೆಟ್ರೊನೋಮನ್ನು ನಿಮಿಷಕ್ಕೆ 55 ಅಥವಾ 60 ಪೆಟ್ಟುಗಳಿಗೆ ಇಟ್ಟು ಡ್ರಮ್ಸ್ ನುಡಿಸುವವರಿಗೆ ಅಭ್ಯಾಸ ಮಾಡಿಸಿ. ನಿಧಾನದಲ್ಲಿ ಲಯ ಹಿಡಿಯುವುದು ವೇಗದಲ್ಲಿ ಹಿಡಿಯುವುದಕ್ಕಿಂತ ಕಷ್ಟ ಎಂಬುದು ಆಗ ಎಲ್ಲರಿಗೂ ತಿಳಿಯುತ್ತದೆ. ಗ್ರೌಲ್‌ನಲ್ಲಿ ಸ್ವರದ ಏರಿಳಿತ ಕಡಿಮೆ ಕೇಳುವುದರಿಂದ ಅಕ್ಷರಗಳ ಹ್ರಸ್ವ ದೀರ್ಘಗಳೇ ಸಾಲಿಗೆ ಆಕಾರ ಕೊಡುತ್ತವೆ, ಆದ್ದರಿಂದ ಸಾಹಿತ್ಯ ಬರೆಯುವವರು ಮಾತ್ರೆಗಳನ್ನು ಎಣಿಸಿಯೇ ಬರೆಯಬೇಕು. ಗದಗಿನ ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಮೂರು ಮತ್ತು ನಾಲ್ಕು ಮಾತ್ರೆಗಳ ನಡೆ ಏಳು ಮಾತ್ರೆಯ ರಿಫ್ಫಿನ ಮೇಲೆ ಸರಿಯಾಗಿ ಕೂರುತ್ತದೆ. ಗಮಕದವರ ವಾಚನವನ್ನು ಕೇಳಿ ತಿಳಿ ದನಿಯ ಭಾಗವನ್ನು ಕಟ್ಟಿ ನೋಡಬಹುದು. ಎರಡು ದನಿಗಳಲ್ಲಿ ಯಾವುದನ್ನು ಎಲ್ಲಿ ತರಬೇಕೆಂಬುದನ್ನು ಸಾಹಿತ್ಯ ಬರೆಯುವಾಗಲೇ ನಿಶ್ಚಯಿಸಿಕೊಳ್ಳಿ. ಹಾಡು ಮುಗಿದ ಮೇಲೆ ರುಚಿಗೆಂದು ಸೇರಿಸಿದ ಗ್ರೌಲ್ ಕೇಳಿದ ಕೂಡಲೇ ಗೊತ್ತಾಗುತ್ತದೆ.

ಇದಾದ ಮೇಲೆ ಏನು ಕೇಳಬೇಕು?

ಹಿಂದಕ್ಕೆ ಹೋಗುವುದಾದರೆ ಪ್ಯಾರಡೈಸ್ ಲಾಸ್ಟ್ ತಂಡದ 1991ರ ‘ಗಾಥಿಕ್’. ಅಲ್ಲಿ ಗ್ರೌಲ್‌ನೊಂದಿಗೆ ಹೆಣ್ಣಿನ ದನಿಯಿದೆ. ಮುಂದಕ್ಕೆ ಬರುವುದಾದರೆ ಫಿನ್ಲೆಂಡಿನ ಸ್ವಾಲೋ ದ ಸನ್ ತಂಡ 2015ರಲ್ಲಿ ತಂದ ಮೂರು ಡಿಸ್ಕಿನ ಆಲ್ಬಮ್: ಒಂದರಲ್ಲಿ ಎರಡೂ ದನಿಗಳ ಬೆರಕೆ, ಇನ್ನೊಂದರಲ್ಲಿ ಅಕೂಸ್ಟಿಕ್ ಗಿಟಾರಿನೊಂದಿಗೆ ತಿಳಿ ದನಿ, ಮೂರನೆಯದರಲ್ಲಿ ಇನ್ನೂ ನಿಧಾನದ, ಇನ್ನೂ ಕತ್ತಲೆಯ ಡೂಮ್. ಧೈರ್ಯ ಬಂದ ಮೇಲೆ ಅಮೆರಿಕದ ಬೆಲ್ ವಿಚ್ ತಂಡದ 2017ರ ‘ಮಿರರ್ ರೀಪರ್’ ಕೇಳಿ. ಬಾಸ್ ಮತ್ತು ಡ್ರಮ್ಸ್ ನುಡಿಸುವ ಇಬ್ಬರೇ ಇರುವ ತಂಡ. ಇಡೀ ಆಲ್ಬಮ್ ಸುಮಾರು 83 ನಿಮಿಷದ ಒಂದೇ ಹಾಡು. ತೀರಿಕೊಂಡ ತಮ್ಮ ಹಳೆಯ ಡ್ರಮ್ಮರ್ ಏಡ್ರಿಯನ್ ಗೆರಾ ಅವರ ದನಿಯ ಮುದ್ರಿಕೆಯನ್ನು ಅದರ ನಡುವೆ ಸೇರಿಸಿದ್ದಾರೆ.